ವಾರಕ್ಕೆ ಎರಡೇ ಗಂಟೆ

ನನ್ನ ಮಗಳು ಮೂರನೇ ತರಗತಿಯಲ್ಲಿದ್ದಾಳೆ. ಕೇಂದ್ರ ಶಿಕ್ಷಣ ಸಚಿವಾಲಯ 2020ರಲ್ಲಿ ಹೊರಡಿಸಿದ ಶಾಲಾ ಬ್ಯಾಗ್ ನೀತಿಯ ಪ್ರಕಾರ ಅವಳಿಗೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಹೋಂವರ್ಕ್ ಕೊಡುವಂತಿಲ್ಲ. ಈ 120 ನಿಮಿಷಗಳನ್ನು ಆರು ವಿಷಯಗಳಿಗೆ ಹಂಚಿದರೆ ಒಂದೊಂದಕ್ಕೆ 20 ನಿಮಿಷ ಸಿಗುತ್ತದೆ. ಅದನ್ನು ಐದು ದಿನಗಳಿಗೆ ಹರಡಿದರೆ ಒಂದು ವಿಷಯಕ್ಕೆ ದಿನಕ್ಕೆ 4 ನಿಮಿಷ. ನಮ್ಮ ಮನೆಯಲ್ಲಿ ಪೆನ್ಸಿಲ್ ಚೂಪು ಮಾಡಿ, ರಬ್ಬರ್ ಎಲ್ಲಿ ಹೋಯಿತೆಂದು ಸೋಫಾದ ಸಂದಿಯಲ್ಲಿ ಕೈಯಾಡಿಸುವುದಕ್ಕೇ ಅಷ್ಟು ಹೊತ್ತು ಬೇಕು. ಆದರೂ ನೀತಿಯನ್ನು ಯಾರೂ ಮುರಿದಿಲ್ಲವೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಏಕೆಂದರೆ ಆರು ಮಂದಿ ಶಿಕ್ಷಕಿಯರಲ್ಲಿ ಪ್ರತಿಯೊಬ್ಬರೂ ಕೊಡುವುದು 'ಬರೀ ಅರ್ಧ ಗಂಟೆಯ ಕೆಲಸ'. ಒಬ್ಬೊಬ್ಬರನ್ನೇ ನೋಡಿದರೆ ಎಲ್ಲರೂ ನಿರಪರಾಧಿಗಳು. ಕೂಡಿಸಿ ನೋಡುವುದು ಮಾತ್ರ ಯಾರ ವಿಷಯಕ್ಕೂ ಸೇರಿಲ್ಲ.

ಒಂದು ಮತ್ತು ಎರಡನೇ ತರಗತಿಗಳಿಗಂತೂ ಹೋಂವರ್ಕ್ ಪೂರ್ತಿ ನಿಷಿದ್ಧ. ಆದ್ದರಿಂದ ಆ ಮಕ್ಕಳು ಮನೆಯಲ್ಲಿ ಎರಡು ಪುಟ ಕಾಪಿ ಬರೆದು, ಐದರ ಮಗ್ಗಿಯನ್ನು ಮೂರು ಸಲ ಒಪ್ಪಿಸಿ, ಹತ್ತು ಪದಗಳನ್ನು ಡಿಕ್ಟೇಶನ್‌ಗೆ ಕಲಿತುಕೊಂಡು ಹೋಗುತ್ತಾರೆ. ಇದಕ್ಕೆ ಪ್ರಾಕ್ಟೀಸ್ ಎಂದು ಹೆಸರು.

ಈ ಚರ್ಚೆಗೆ ಮೂರೂವರೆ ದಶಕಗಳ ಇತಿಹಾಸವಿದೆಯೆಂಬುದನ್ನು ಮರೆಯಬಾರದು. 1989ರಲ್ಲಿ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯ ನಾಮಕರಣ ಸದಸ್ಯರಾಗಿ ತಮ್ಮ ಮೊದಲ ಭಾಷಣವನ್ನು ಮಕ್ಕಳ ಬೆನ್ನಿನ ಮೇಲಿನ ಚೀಲಕ್ಕೇ ಮೀಸಲಿಟ್ಟರು. ಅನಂತರ ಪ್ರೊ. ಯಶ್‌ಪಾಲ್ ಅವರ ಸಮಿತಿ ಕುಳಿತು 1993ರಲ್ಲಿ ವರದಿ ಕೊಟ್ಟಿತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಮಗು ತನ್ನ ಮನೆಯ ಸುತ್ತಲಿನ ಪರಿಸರವನ್ನು ಹುಡುಕಿ ನೋಡುವಂತಹ ಕೆಲಸವಿದ್ದರೆ ಸಾಕು; ಮೇಲಿನ ತರಗತಿಗಳಿಗೂ ಪಠ್ಯಪುಸ್ತಕದ ಹೊರಗಿನದನ್ನು ಕೊಡಿ ಎಂದು ಆ ಮಹನೀಯರು ಬರೆದರು. ಶಾಲೆಗಳು ಈ ಸಲಹೆಯನ್ನು ಶಿರಸಾ ವಹಿಸಿದವು. ಪಠ್ಯಪುಸ್ತಕದ ಒಳಗಿನದನ್ನು ಹಾಗೆಯೇ ಉಳಿಸಿಕೊಂಡು, ಹೊರಗಿನದನ್ನು ಅದರ ಮೇಲೆ ಸೇರಿಸಿದವು. ಪ್ರಾಜೆಕ್ಟ್ ಎಂಬ ಸಂಸ್ಥೆ ನಮ್ಮ ಮನೆಗಳಿಗೆ ಕಾಲಿಟ್ಟದ್ದನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ.

ಕಳೆದ ತಿಂಗಳ ಒಂದು ರಾತ್ರಿ ಒಂಬತ್ತು ಗಂಟೆಗೆ, ಊಟದ ತಟ್ಟೆಯ ಮುಂದೆ ಕುಳಿತು, ಮಗಳು ಅತ್ಯಂತ ಸಹಜವಾಗಿ 'ಅಪ್ಪಾ, ನಾಳೆ ಮಳೆನೀರು ಕೊಯ್ಲು ತಗೊಂಡು ಹೋಗ್ಬೇಕು' ಎಂದಳು. ರಸ್ತೆ ತುದಿಯ ಸ್ಟೇಷನರಿ ಅಂಗಡಿಯವರು ಅರ್ಧ ಷಟರ್ ಎಳೆದಿದ್ದರು. ನನ್ನ ಮುಖ ನೋಡಿದವರೇ, ನಾನು ಬಾಯಿ ತೆರೆಯುವ ಮೊದಲೇ, 'ಮಳೆನೀರೇನು ಸಾರ್? ಥರ್ಮಾಕೋಲ್ ಮುಗೀತಾ ಬಂತು, ಬೇಗ ತಗೊಳ್ಳಿ' ಎಂದರು. ಅವರ ಬಳಿ ಸಿದ್ಧ ಮಾದರಿಯೂ ಇತ್ತು. ಆದರೆ ಮಗು ಸ್ವತಃ ಮಾಡಿ ಕಲಿಯಬೇಕೆಂಬ ಆದರ್ಶ ನನ್ನನ್ನು ತಡೆಯಿತು. ಮಗು ಹತ್ತಕ್ಕೆ ಮಲಗಿತು. ನಾನು ಜ್ಯೂಸ್ ಕುಡಿಯುವ ಕೊಳವೆಗಳನ್ನು ತಾರಸಿಯಿಂದ ನೀರಿನ ಸಂಪ್‌ಗೆ ಇಳಿಬಿಟ್ಟು, ಫೆವಿಕಾಲ್ ಒಣಗುವ ತನಕ ಬೆರಳಲ್ಲಿ ಒತ್ತಿ ಹಿಡಿದುಕೊಂಡು, ಒಂದೂವರೆಗೆ ಬಾವಿ ಮರುಪೂರಣದ ತತ್ತ್ವವನ್ನು ಸಂಪೂರ್ಣವಾಗಿ ಮನನ ಮಾಡಿಕೊಂಡೆ. ನನಗೆ 'ಬಿ ಪ್ಲಸ್' ಬಂತು. ಮೇಲಿನ ಮನೆಯ ಸಿವಿಲ್ ಎಂಜಿನಿಯರ್ ಸಾಹೇಬರಿಗೆ 'ಎ ಪ್ಲಸ್'. ಅವರು ಲಿಫ್ಟಿನಲ್ಲಿ ಸಿಕ್ಕಾಗ ಈಗಲೂ ನನ್ನನ್ನು ತುಸು ಕನಿಕರದಿಂದ ನೋಡುತ್ತಾರೆ.

ನನ್ನ ಅಮ್ಮನ ಕಾಲದಲ್ಲಿ ಮನೆಗೆಲಸವೆಂದರೆ ಗುಡಿಸಿ, ಸಾರಿಸಿ, ಪಾತ್ರೆ ತೊಳೆಯುವುದಾಗಿತ್ತು. ಈಗ ಹೆಂಡತಿ ಎರಡು ಬಗೆಯ ಮನೆಗೆಲಸವನ್ನೂ ಮಾಡುತ್ತಾಳೆ, ಮತ್ತು ಎರಡಕ್ಕೂ ಸಂಬಳವಿಲ್ಲ.

ಚೀಲದ ಮಟ್ಟಿಗೆ ಪ್ರಗತಿಯಾಗಿದೆಯೆಂದು ಒಪ್ಪಲೇಬೇಕು. ಮಕ್ಕಳು ಭಾರ ಎತ್ತುವ ಪೈಲ್ವಾನರಲ್ಲವೆಂದು 2018ರಲ್ಲಿ ಮದ್ರಾಸ್ ಹೈಕೋರ್ಟ್ ನೆನಪಿಸಿತು. 2019ರಲ್ಲಿ ನಮ್ಮ ರಾಜ್ಯ ಸರ್ಕಾರವೂ ತರಗತಿವಾರು ಕಿಲೋಗಳನ್ನು ನಿಗದಿ ಮಾಡಿ, ತಿಂಗಳಿಗೊಂದು ಶನಿವಾರ ಬ್ಯಾಗ್ ಇಲ್ಲದೆ ಬನ್ನಿ ಎಂದಿತು. ಕೇಂದ್ರದ ನೀತಿಯಂತೂ ಶಾಲೆಯಲ್ಲಿ ಡಿಜಿಟಲ್ ತಕ್ಕಡಿಯನ್ನೇ ಇಡಬೇಕೆನ್ನುತ್ತದೆ. ತಕ್ಕಡಿಯಲ್ಲಿ ತೂಗಬಹುದಾದದ್ದನ್ನೆಲ್ಲ ಕಡಿಮೆ ಮಾಡಿದ್ದಾಯಿತು. ಉಳಿದದ್ದು ವಾಟ್ಸ್ಆ್ಯಪ್ ಗುಂಪಿಗೆ ಹೋಯಿತು. ಈಗ ವರ್ಕ್‌ಶೀಟು ಸಂಜೆ ಏಳರ ನಂತರ ಪಿಡಿಎಫ್ ರೂಪದಲ್ಲಿ ಇಳಿಯುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ಬರೆಸಿ, ಫೋಟೊ ತೆಗೆದು, 'ಡನ್ ಮ್ಯಾಮ್' ಎಂದು ಒಬ್ಬರು ಬರೆದ ಕೂಡಲೇ ಇನ್ನುಳಿದ ಮೂವತ್ತೆಂಟು ಮನೆಗಳಲ್ಲಿ ಎದೆ ಹೊಡೆದುಕೊಳ್ಳಲು ಆರಂಭವಾಗುತ್ತದೆ. ಬ್ಯಾಗ್ ರಹಿತ ಶನಿವಾರದಂದು ಬ್ಯಾಗ್ ಮನೆಯಲ್ಲೇ ಇರುತ್ತದೆ. ಮಗಳ ಒಂದು ಕೈಯಲ್ಲಿ ಚಾರ್ಟ್, ಇನ್ನೊಂದರಲ್ಲಿ ಊಟದ ಡಬ್ಬಿ, ಮತ್ತು ಅದೇ ದಿನಕ್ಕೆಂದು ಹೇಳಿದ ಮಣ್ಣು, ಕುಂಡ, ಸಸಿಗಳ ಬಟ್ಟೆಚೀಲ ನನ್ನ ಹೆಗಲಲ್ಲಿ.

ತಪ್ಪನ್ನೆಲ್ಲ ಶಾಲೆಯ ತಲೆಗೆ ಕಟ್ಟುವುದು ಅನ್ಯಾಯ. ಕಳೆದ ಪೋಷಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಬಾಲ್ಯದ ಕಗ್ಗೊಲೆಯ ಬಗ್ಗೆ ಹತ್ತು ನಿಮಿಷ ಮಾತನಾಡಿದರು. ತಾವು ಗೋಲಿ, ಬುಗುರಿ, ಕೆರೆಯ ಈಜುಗಳಲ್ಲಿ ಬೆಳೆದದ್ದನ್ನು ವರ್ಣಿಸುವಾಗ ಅವರ ಗಂಟಲು ಕಟ್ಟಿತು. ಚಪ್ಪಾಳೆ ನಿಂತ ಮೇಲೆ ಅವರೇ ಮೆಲ್ಲಗೆ, 'ಮ್ಯಾಮ್, ಪಕ್ಕದ ಶಾಲೆಯಲ್ಲಿ ಮೂರನೇ ಕ್ಲಾಸಿಗೇ ಭಾಗಾಕಾರ ಮುಗಿಸಿದ್ದಾರಂತೆ, ನಮ್ಮಲ್ಲಿ ಯಾವಾಗ?' ಎಂದು ಕೇಳಿದರು. ಶಿಕ್ಷಕಿ ನಕ್ಕರು. ಮರುದಿನದಿಂದ ಭಾಗಾಕಾರ ಮನೆಗೆ ಬಂತು. ಯಾವತ್ತಾದರೂ ಡೈರಿ ಖಾಲಿಯಿದ್ದರೆ ಗುಂಪಿನಲ್ಲಿ ಮೊದಲು 'ಇವತ್ತು ಏನೂ ಕೊಟ್ಟಿಲ್ಲವೇ?' ಎಂದು ಗಾಬರಿಯಿಂದ ವಿಚಾರಿಸುವವರು ಇವರೇ. ಇವರಿಗಿಂತ ಒಂದು ನಿಮಿಷ ತಡವಾಗಿ ವಿಚಾರಿಸುವವನು ನಾನು.

ಸರ್ಕಾರಿ ಶಾಲೆಯ ಶಿಕ್ಷಕರ ಕಥೆ ಬೇರೆ. 2025ರ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಹಿಗ್ಗಿಸಿ ಸರ್ಕಾರ ಅವರನ್ನು ಸಮೀಕ್ಷೆಗೆಂದು ಮನೆಮನೆಗೆ ಕಳುಹಿಸಿತು. ಹೋಂವರ್ಕ್ ಎಂಬ ಪದವನ್ನು ಅಷ್ಟು ಅಕ್ಷರಶಃ ಯಾರೂ ಪಾಲಿಸಿರಲಿಕ್ಕಿಲ್ಲ.

ಇಷ್ಟರಲ್ಲಿ ಮಗಳ ಶಾಲೆ ನೀತಿಪಾಲನೆಯಲ್ಲಿ ಒಂದು ಹೆಜ್ಜೆ ಮುಂದಿಟ್ಟಿದೆ. ಮಗು ವಾರಕ್ಕೆ ಎರಡು ಗಂಟೆ ಮೀರಿ ಓದುತ್ತಿಲ್ಲವೆಂಬುದಕ್ಕೆ ದಾಖಲೆ ಬೇಕಾಗಿ, ಪೋಷಕರಿಗೆ ಒಂದು ತಖ್ತೆಯನ್ನು ಮುದ್ರಿಸಿ ಕೊಟ್ಟಿದೆ. ವಿಷಯ, ಆರಂಭಿಸಿದ ವೇಳೆ, ಮುಗಿಸಿದ ವೇಳೆ, ಒಟ್ಟು ನಿಮಿಷ, ಪೋಷಕರ ಸಹಿ: ಇವಿಷ್ಟನ್ನು ಪ್ರತಿದಿನ ತುಂಬಿ, ತಿಂಗಳ ಕೊನೆಗೆ ಒಪ್ಪಿಸಬೇಕು. ನಾನು ಬೇಸಿಗೆ ರಜೆಯ ಎರಡು ತಿಂಗಳ ಕಾಪಿಯನ್ನು ಮೇ 30 ಮತ್ತು 31ರಂದು ಬರೆದು ಬೆಳೆದವನು. ಮೊನ್ನೆ ತಿಂಗಳ ಕೊನೆಯ ರಾತ್ರಿ ಮೂರು ಬಣ್ಣದ ಪೆನ್ನುಗಳನ್ನು ಮುಂದಿಟ್ಟುಕೊಂಡು, ಅಕ್ಷರದ ವಾಲಿಕೆಯನ್ನು ಅಲ್ಲಲ್ಲಿ ಬದಲಿಸುತ್ತಾ, ಇಡೀ ತಿಂಗಳನ್ನು ಒಂದೇ ಕೂರಿಕೆಗೆ ತುಂಬಿದೆ. ಎಲ್ಲ ವಾರಗಳೂ 118 ನಿಮಿಷದ ಆಸುಪಾಸಿನಲ್ಲಿ ನಿಂತವು.

ಮಗಳು ಪಕ್ಕಕ್ಕೆ ಬಂದು, ಹಾಳೆಯನ್ನು ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿದಳು.

'ಅಪ್ಪಾ, ಹದಿನಾಲ್ಕನೇ ತಾರೀಖು ಭಾನುವಾರ. ನಾವು ಅಜ್ಜಿ ಮನೇಲಿದ್ವಿ.'

ಶಾಲೆಗೆ ಹೇಳಬೇಡವೆಂದು ಕೇಳಿಕೊಂಡು, ರಬ್ಬರ್ ಕೊಡು ಎಂದೆ. ಪೆನ್ನಿನಲ್ಲಿ ಬರೆದದ್ದು ರಬ್ಬರಿಗೆ ಹೋಗುವುದಿಲ್ಲವೆಂದು ಅವಳೇ ಹೇಳಿಕೊಟ್ಟಳು.