ಉಟ್ರೆಕ್ಟ್‌ಗೆ ಎರಡು ಗಂಟೆ ಸಾಲದು

ನೆದರ್ಲೆಂಡ್ಸ್‌ನ ಉಟ್ರೆಕ್ಟ್ ಊರನ್ನು ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಆಮ್‌ಸ್ಟರ್‌ಡ್ಯಾಮಿನಿಂದ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ, ಬೆಳಿಗ್ಗೆಯೇ ಹೊರಡಿ. ಔಡೆಗ್ರಾಹ್ಟ್ ಕಾಲುವೆಯ ಪಕ್ಕ ಸುಮ್ನೆ ರಸ್ತೆಯಲ್ಲೇ ನಡೆದು ಬಂದರೆ ಅದರ ಚೆಂದ ಗೊತ್ತಾಗುವುದಿಲ್ಲ. ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗಿ. ಹಿಂದೆ ದೋಣಿಯಿಂದ ಸರಕು ಇಳಿಸಿ ತುಂಬಿಡುತ್ತಿದ್ದ ನೆಲಮಾಳಿಗೆಗಳು ಅಲ್ಲಿವೆ. ಈಗ ಎಷ್ಟೋ ಹೋಟೆಲ್ ಆಗಿವೆ. ನಾವು ಕಾಫಿ ಕುಡಿದ ಕಡೆ ಇಟ್ಟಿಗೆ ಕಮಾನು ಕೈಗೆ ಸಿಗುವಷ್ಟು ತಗ್ಗಾಗಿತ್ತು, ಕಾಲ ಬಳಿಯೇ ಬಾತುಕೋಳಿ ಈಜುತ್ತಿತ್ತು!

ಇಲ್ಲಿನ ಡೋಮ್ ಚರ್ಚಿನ 112 ಮೀಟರ್ ಎತ್ತರದ ಗೋಪುರ ಚರ್ಚಿನಿಂದ ದೂರ, ಒಂಟಿಯಾಗಿ ನಿಂತಿದೆ. 1674ರ ಬಿರುಗಾಳಿಗೆ ಚರ್ಚಿನ ನಡುವಿನ ಭಾಗ ಕುಸಿದುಬಿತ್ತು. ಮತ್ತೆ ಕಟ್ಟಲೇ ಇಲ್ಲ. ಹಾಗೆ ಖಾಲಿ ಉಳಿದ ಆ ಬಯಲಿನಲ್ಲಿ ಐದು ನಿಮಿಷ ನಿಲ್ಲಿ.