ಗೋಡೆಗೆ ನೀರು ಹಾಕುವವನು

ಐರ್ಲೆಂಡಿನ ಮೇಯೋದಲ್ಲಿ ಹಳೇ ಕಲ್ಲಿನ ಮನೆ ಕೊಂಡು, ವಿಡಿಯೋ ಕಾಲ್‌ನಲ್ಲಿ ಹೆಮ್ಮೆಯಿಂದ ಒಂದು ಸುತ್ತು ತೋರಿಸಿದೆ. ತೀರ್ಥಹಳ್ಳಿಯಿಂದ ಅಮ್ಮ ಹೇಳಿದ್ದಿಷ್ಟೇ: “ಕೊಟ್ಟಿಗೆ ಚೆನ್ನಾಗಿದೆ. ಮನೆ ತೋರ್ಸೋ.”

ರೈಲು ಬೋಗಿಯ ಹಾಗೆ ಸಾಲಾಗಿ ಮೂರು ಕೋಣೆ, ಎರಡಡಿ ದಪ್ಪದ ಗೋಡೆ. ಬಾಗಿಲು ಮಾತ್ರ ಗಿಡ್ಡ. ಮೊದಲ ವಾರದಲ್ಲೇ ನನ್ನ ಹಣೆ ಅದಕ್ಕೆ ನಾಲ್ಕು ಸಲ ನಮಸ್ಕಾರ ಮಾಡಿತು.

ಖಾಲಿ ಬಿದ್ದ ಮನೆಯ ರಿಪೇರಿಗೆ ಇಲ್ಲಿನ ಸರ್ಕಾರ 50,000 ಯೂರೋವರೆಗೆ ಸಹಾಯಧನ ಕೊಡುತ್ತದೆ. ಪಾಳುಬಿದ್ದದ್ದು ಅಂತ ಸಾಬೀತಾದರೆ 70,000ದವರೆಗೆ. ನೋಡಲು ಬಂದ ಇಂಜಿನಿಯರ್ ಮುಂದೆ ನನ್ನ ಮನೆಯನ್ನು ನಾನು ಹಳಿದದ್ದೇನು! ಸಂಬಂಧ ಮುರಿಯಲು ಹೊರಟ ದಾಯಾದಿಯೂ ಗಂಡನ್ನು ಅಷ್ಟು ಹಳಿಯಲಾರ.

ಚಿಮಣಿಯಲ್ಲಿ ಜಾಕ್‌ಡಾ ಎಂಬ ಕಾಗೆಯ ಕುಲದ ಹಕ್ಕಿಗಳು ತುರುಕಿದ್ದ ಕಡ್ಡಿ ತೆಗೆದರೆ ಏಳು ತಳ್ಳುಗಾಡಿ ತುಂಬಿತು. ಊರಲ್ಲಿ ಪಿತೃಪಕ್ಷದಂದು ಗಂಟಲು ಹರಿಯುವಂತೆ ಕರೆದರೂ ಒಂದೂ ಬರುವುದಿಲ್ಲ.

ಅಸಲಿ ಕಥೆ ಗೋಡೆಯದು. ಹಿಂದೆ ಯಾರೋ ಪುಣ್ಯಾತ್ಮ ಸುಣ್ಣದ ಗಾರೆಯ ಮೇಲೆ ಸಿಮೆಂಟ್ ಮೆತ್ತಿಸಿದ್ದ. ಸುಣ್ಣವಾದರೆ ಗೋಡೆ ಹೀರಿದ ನೀರನ್ನು ಆರಲು ಬಿಡುತ್ತದೆ; ಸಿಮೆಂಟ್ ಬಾಯಿ ಮುಚ್ಚಿಸಿ ಕೂರುತ್ತದೆ. ಒಳಗೆ ಮುಟ್ಟಿದರೆ ಆಷಾಢದ ಕಂಬಳಿ. ಸರಿ, ಶನಿವಾರ ಭಾನುವಾರವೆಲ್ಲ ಉಳಿ-ಸುತ್ತಿಗೆ. ಮೊದಲ ದಿನವೇ ಸಿಮೆಂಟ್ ಜೊತೆ ಒಂದು ಕಲ್ಲು ಬಂತು, ಅದರ ಹಿಂದೆ ಇನ್ನೆರಡು, ಅವುಗಳ ಹಿಂದೆ ಗೋಡೆಯ ನಡುವಿನ ಚೂರುಕಲ್ಲೆಲ್ಲ ಬುಳಬುಳನೆ ಸುರಿದು, ಕೊನೆಗೆ ಅಡುಗೆಮನೆಯಲ್ಲಿದ್ದ ಹೆಂಡತಿಯ ಮುಖ ಕಾಣಿಸಿತು. “ನಾನೇನು ಕಿಟಕಿ ಕೇಳಿದ್ನಾ?” ಅಂದಳು.

ಇನ್ನು ಸುಣ್ಣದ ಗಾರೆಯೋ, ಮೊದಲ ದೀಪಾವಳಿಗೆ ಬಂದ ಅಳಿಯ. ಐದು ಡಿಗ್ರಿಗಿಂತ ಕೆಳಗಿಳಿದರೆ ಆಗದು, ಮಳೆ ಹೊಡೆಯಬಾರದು, ಬಿಸಿಲು-ಗಾಳಿಗೆ ಬೇಗ ಒಣಗಲೂ ಬಾರದು. ಪಶ್ಚಿಮದ ಈ ಕರಾವಳಿಯಲ್ಲಿ ವರ್ಷಕ್ಕೆ 225 ದಿನ ಮಳೆಯೆಂದು ಲೆಕ್ಕ. ಮೂರು ವಾರ ಸುರಿದದ್ದು ನಾನು ಗಾರೆ ಮೆತ್ತಿದ ಮರುದಿನವೇ ನಿಂತು, ಬಿಸಿಲು ಚುರುಗುಟ್ಟಬೇಕೆ! ಗೋಣಿತಾಟು ಇಳಿಬಿಟ್ಟು, ಪೈಪ್ ಹಿಡಿದು ಗೋಡೆಗೆ ನೀರು ಹೊಡೆಯುತ್ತಾ ನಿಂತೆ. ಪಕ್ಕದ ಕುರಿ ಸಾಕುವ ಅಜ್ಜ ಟ್ರ್ಯಾಕ್ಟರ್ ನಿಲ್ಲಿಸಿ, ನನ್ನನ್ನು ನೋಡಿ, ಆಕಾಶ ನೋಡಿ, “ಇಷ್ಟು ದಿನದ್ದು ಸಾಕಾಗ್ಲಿಲ್ವಾ?” ಎಂದು ಕೇಳಿ ಉತ್ತರಕ್ಕೂ ಕಾಯದೆ ಹೋದ.

ಅಮ್ಮನಿಗೆ ಮಾತ್ರ ತಕ್ಷಣ ಅರ್ಥವಾಯಿತು. “ಕ್ಯೂರಿಂಗಾ? ಬೆಳಿಗ್ಗೆ ಸಂಜೆ ತಪ್ಪಿಸ್ಬೇಡ.”

ಸಿಮೆಂಟ್ ಕಿತ್ತು ಸುಣ್ಣ ಹಾಕ್ತಿದೀನಿ ಅಂದೆ. ಫೋನಿನಾಚೆ ಸದ್ದಿಲ್ಲ. ಊರಿನ ಮನೆಯ ಮಣ್ಣಿನ ಗೋಡೆಗೆ, ಅಜ್ಜನ ಕಾಲದ ಸುಣ್ಣದ ಮೇಲೆಯೇ ಸಿಮೆಂಟ್ ಮೆತ್ತಿಸಿದ್ದು ನನ್ನ ಮೊದಲ ವರ್ಷದ ಸಂಬಳದಲ್ಲಿ, ನನ್ನದೇ ಹಟದಿಂದ. ಆ ಮನೆಯ ಪುಣ್ಯಾತ್ಮ ನಾನೇ.

“ದೇವರ ಕೋಣೆ ಗೋಡೆ ಅವತ್ತಿಂದ ಬೆವರ್ತಾನೇ ಇದೆ,” ಅಂದಳು ಅಮ್ಮ. “ಬರೋವಾಗ ಚಾಕ್ಲೇಟ್ ಬೇಡ. ಆ ಉಳಿ ಹಾಕ್ಕೊಂಡು ಬಾ.”