ಉಳಿದ ಆರು ಜನ ಎಲ್ಲಿ ಸ್ವಾಮೀ?

ಗಂಡಭೇರುಂಡ ಲಾಂಛನದ ಸ್ಪಿಟ್‌ಫೈರ್ ಯುದ್ಧವಿಮಾನದ ಚಿತ್ರ ಮತ್ತೆ ಟೈಮ್‌ಲೈನ್ ತುಂಬ ಹಾರಾಡುತ್ತಿದೆ. "ಹಿಟ್ಲರನನ್ನು ಸೋಲಿಸಿದ ನಮ್ಮ ಮೈಸೂರು ವಿಮಾನ" ಅಂತ ತಲೆಬರಹ, ಕೆಳಗೆ ಕೈಮುಗಿಯುವ ಇಮೋಜಿಗಳ ಸಾಲು. ಸಂಗತಿ ಪೂರ್ತಿ ಸುಳ್ಳೇನಲ್ಲ. ರಾಯಲ್ ಏರ್ ಫೋರ್ಸ್‌ನ 129ನೇ ಸ್ಕ್ವಾಡ್ರನ್ನಿಗೆ ಮೈಸೂರಿನ ಹೆಸರಿತ್ತು. 1941ರ ಜೂನ್‌ನಲ್ಲಿ ಲೆಕನ್‌ಫೀಲ್ಡ್‌ನಲ್ಲಿ ಶುರುವಾಗಿ ಸ್ಪಿಟ್‌ಫೈರ್ ಹಾರಿಸಿತು, 1944ರಲ್ಲಿ ಮಸ್ಟಾಂಗ್‌ಗೆ ಬದಲಾಯಿತು. ಲಾಂಛನದಲ್ಲಿ ಗಂಡಭೇರುಂಡ ಇದ್ದದ್ದೂ ನಿಜ. ಹೆಮ್ಮೆಪಡಿ, ಬೇಡ ಅಂದವರ್ಯಾರು?

ನನ್ನ ತಲೆ ಕೆಟ್ಟದ್ದು ಕೆಳಗಿನ ಒಂದು ಕಾಮೆಂಟಿನಿಂದ. "ಬಾಂಬರ್ ಹಾರಿಸೋದು ಅಂದ್ರೆ ರಾತ್ರಿ ಬಸ್ ಓಡಿಸಿದ ಹಾಗೆ, ನಿಜವಾದ ಧೈರ್ಯ ಬೇಕಿದ್ದದ್ದು ಫೈಟರ್ ಪೈಲಟ್‌ಗೆ." ಅದಕ್ಕೆ ಲೈಕುಗಳ ಸುರಿಮಳೆ! ಈ ವಿಷಯ ಬಂದರೆ ನನಗೆ ಬಾಯಿ ಮುಚ್ಚಿಕೊಂಡಿರುವುದಕ್ಕೆ ಆಗುವುದಿಲ್ಲ ಅಂತ ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಒಂದು ಲೆಕ್ಕ. ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಎರಡನೇ ಮಹಾಯುದ್ಧದುದ್ದಕ್ಕೂ ವಿಮಾನ ಹತ್ತಿದವರು ಸುಮಾರು 1,25,000 ಮಂದಿ. ಸತ್ತವರು 55,573. ನೂರಕ್ಕೆ ನಲವತ್ನಾಲ್ಕು. ಇನ್ನು 9,838 ಮಂದಿ ಯುದ್ಧಕೈದಿಗಳಾದರು. ಒಂದು ಟೂರ್ ಅಂದರೆ 30 ದಾಳಿ. ಅದನ್ನು ಮುಗಿಸಿ ಬದುಕಿದವರನ್ನು ಒಂದಷ್ಟು ಕಾಲ ತರಬೇತಿ ಕೆಲಸಕ್ಕೆ ಹಾಕಿ, ಆಮೇಲೆ ಎರಡನೇ ಟೂರ್‌ಗೆ ಕರೆಯಬಹುದಿತ್ತು. ಮನಸ್ಸು ಸೋತು "ಇನ್ನು ನನ್ನಿಂದಾಗದು" ಅಂದವನ ದಾಖಲೆಯ ಮೇಲೆ 'ಲ್ಯಾಕ್ ಆಫ್ ಮಾರಲ್ ಫೈಬರ್', ಅಂದರೆ ಮನೋಬಲ ಇಲ್ಲದವ, ಅಂತ ಷರಾ ಬೀಳುತ್ತಿತ್ತು. ರಾತ್ರಿ ಬಸ್ಸಂತೆ!

ನಮ್ಮವರ ಹೆಸರಿನ ಹೆಮ್ಮೆಯೇ ಬೇಕು ಅಂದರೆ ಅದೂ ಇದೆ ಮಾರಾಯ್ರೇ. 35ನೇ ಸ್ಕ್ವಾಡ್ರನ್ನಿನ ಪೂರ್ತಿ ಹೆಸರು 35 (ಮದ್ರಾಸ್ ಪ್ರೆಸಿಡೆನ್ಸಿ). ಆಗ ನಮ್ಮ ದಕ್ಷಿಣ ಕನ್ನಡ, ಬಳ್ಳಾರಿ ಎಲ್ಲ ಇದ್ದದ್ದು ಆ ಪ್ರೆಸಿಡೆನ್ಸಿಯಲ್ಲೇ. ಹ್ಯಾಲಿಫ್ಯಾಕ್ಸ್ ಎಂಬ ನಾಲ್ಕು ಎಂಜಿನ್ನಿನ ಬಾಂಬರನ್ನು ಮೊಟ್ಟಮೊದಲು ಯುದ್ಧಕ್ಕೆ ಇಳಿಸಿದ್ದು ಇದೇ ಸ್ಕ್ವಾಡ್ರನ್, 1941ರ ಮಾರ್ಚ್‌ನಲ್ಲಿ, ಲೆ ಆವ್ರ್ ಬಂದರಿನ ಮೇಲೆ. 1942ರ ಆಗಸ್ಟ್‌ನಲ್ಲಿ ಪಾತ್‌ಫೈಂಡರ್ ಎಂಬ, ಮುಂದೆ ಹೋಗಿ ಗುರಿ ಗುರುತಿಸಿಕೊಡುವ ದಳ ಕಟ್ಟಿದಾಗ ಅದರ ಮೊದಲ ಸ್ಕ್ವಾಡ್ರನ್ನುಗಳಲ್ಲಿ ಇದೂ ಒಂದು. ಈ ಸ್ಕ್ವಾಡ್ರನ್ ಬಗ್ಗೆ ಕನ್ನಡದಲ್ಲಿ ಒಂದು ಫಾರ್ವರ್ಡಾದರೂ ಬಂದಿದೆಯೇ? ಬರುವುದಿಲ್ಲ. ಹ್ಯಾಲಿಫ್ಯಾಕ್ಸ್ ನೋಡುವುದಕ್ಕೆ ಚಂದ ಇಲ್ಲವಲ್ಲ! ಜೊತೆಗೆ ಆರಂಭದ ಹ್ಯಾಲಿಫ್ಯಾಕ್ಸ್‌ಗೆ ಒಂದು ಕೊಲೆಗಡುಕ ದೋಷವೂ ಇತ್ತು. ಬಾಲದಲ್ಲಿ ನೆಟ್ಟಗೆ ನಿಂತ ತ್ರಿಕೋನ ಫಿನ್ನುಗಳ ವಿಸ್ತೀರ್ಣ ಸಾಲದೆ, ಒಂದು ಬದಿಯ ಎಂಜಿನ್ ನಿಂತು ವೇಗ ಇಳಿದಾಗ ವಿಮಾನವನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೂರ್ತಿ ಒಂದು ಕಡೆಗೆ ಸೆಳೆದು ಅಲ್ಲೇ ಕಚ್ಚಿಕೊಳ್ಳುತ್ತಿತ್ತು, ವಿಮಾನ ಗಿರಗಿರನೆ ಸುತ್ತುತ್ತ ಬೀಳುತ್ತಿತ್ತು. ದೊಡ್ಡ ಆಯತಾಕಾರದ ಫಿನ್ ಹಾಕುವವರೆಗೆ ಅದು ಸರಿಹೋಗಲಿಲ್ಲ.

ಈಗ ಅಸಲು ವಿಷಯ. ಲ್ಯಾಂಕಾಸ್ಟರ್ ಬಾಂಬರಿನಲ್ಲಿ ಏಳು ಜನ. ನಮ್ಮ ವಿಮಾನಪ್ರೇಮಿಗಳು ಬರೆಯುವುದು ಒಬ್ಬನ ಬಗ್ಗೆ. ಉಳಿದ ಆರು ಜನ ಎಲ್ಲಿ?

ಹಿಂದಿನ ಗನ್ನರನ್ನೇ ತೆಗೆದುಕೊಳ್ಳಿ. ಬಾಲದ ತುದಿಯಲ್ಲಿ ಗಾಜಿನ ಗೂಡಿನಂಥ, ಸುತ್ತ ತಿರುಗುವ ಟರೆಟ್, ನಾಲ್ಕು .303 ಬ್ರೌನಿಂಗ್ ಮೆಷಿನ್ ಗನ್. ಗುಂಡಿನ ಸರಗಳು ವಿಮಾನದ ಒಡಲಿನಲ್ಲಿರುವ ಪೆಟ್ಟಿಗೆಗಳಿಂದ ಉದ್ದದ ಹಳಿಗಳ ಮೇಲೆ ಜಾರಿ ಬರಬೇಕು. ಒಳಗೆ ಎಷ್ಟು ಇಕ್ಕಟ್ಟು ಅಂದರೆ ಪ್ಯಾರಾಶೂಟ್ ಜೊತೆಗಿಟ್ಟುಕೊಳ್ಳಲು ಜಾಗವಿಲ್ಲ, ಅದು ಟರೆಟ್ಟಿನ ಬಾಗಿಲಾಚೆ ಗೋಡೆಗೆ ತೂಗುತ್ತಿರುತ್ತದೆ. ಹಾರಬೇಕಾದರೆ ಟರೆಟ್ ನೇರಕ್ಕೆ ತಿರುಗಿಸಿ, ಬಾಗಿಲು ತೆರೆದು, ಕೈಚಾಚಿ ಪ್ಯಾರಾಶೂಟ್ ಎಳೆದು ಎದೆಗೆ ಸಿಕ್ಕಿಸಿಕೊಳ್ಳಬೇಕು. ಇಷ್ಟೆಲ್ಲ ಬೆಂಕಿ ಬಿದ್ದು ಕೆಳಗಿಳಿಯುತ್ತಿರುವ ವಿಮಾನದಲ್ಲಿ. ಚಳಿ ಮೈನಸ್ 40ಕ್ಕೂ ಇಳಿಯುತ್ತಿತ್ತು, ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೈಕೊಟ್ಟರೆ ಬೆರಳುಗಳ ಕಥೆ ಮುಗಿದ ಹಾಗೆ. ಇದರ ಮೇಲೆ, ಕತ್ತಲಲ್ಲಿ ಚೆನ್ನಾಗಿ ಕಾಣಲಿ ಅಂತ ಎಷ್ಟೋ ಗನ್ನರುಗಳು ಎದುರಿನ ಪರ್ಸ್‌ಪೆಕ್ಸ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನೇ ಕಿತ್ತು ಹಾಕಿಸುತ್ತಿದ್ದರು. ಉಸಿರಿನ ತೇವ ಆಮ್ಲಜನಕದ ಮಾಸ್ಕಿನಲ್ಲಿ ಹೆಪ್ಪುಗಟ್ಟುತ್ತದೆ, ಆಗಾಗ ಕೈಯಿಂದ ಹಿಸುಕಿ ಪುಡಿ ಮಾಡುತ್ತಿರಬೇಕು. ಮರೆತರೆ ಮಂಪರು ಕವಿಯುತ್ತದೆ, ಮಂಪರು ಕವಿದದ್ದು ಅವನಿಗೇ ತಿಳಿಯುವುದಿಲ್ಲ. ಅದಕ್ಕೇ ಪೈಲಟ್ ನಡುನಡುವೆ ಇಂಟರ್‌ಕಾಮಿನಲ್ಲಿ ಒಬ್ಬೊಬ್ಬರನ್ನೇ ಕರೆದು ಉತ್ತರ ಕೇಳುತ್ತಿದ್ದದ್ದು.

ಸರಿ, ಹಿಂದಿನಿಂದ ಜರ್ಮನ್ ನೈಟ್ ಫೈಟರ್ ಬಂತು. ಪೈಲಟ್‌ಗೆ ಹಿಂದಿನದೇನೂ ಕಾಣುವುದಿಲ್ಲ. ನೋಡುವವನು ಗನ್ನರ್, ತೀರ್ಮಾನವೂ ಅವನದೇ. "ಕಾರ್ಕ್‌ಸ್ಕ್ರೂ ಪೋರ್ಟ್, ಗೋ!" ಅಂತ ಅವನು ಕೂಗಿದ ಮರುಕ್ಷಣ ಪೈಲಟ್ ಏನನ್ನೂ ಕೇಳದೆ ಬಾಂಬರನ್ನು ಎಡಕ್ಕೆ ವಾಲಿಸಿ ಸುಮಾರು 1,000 ಅಡಿ ಧುಮುಕಿಸಬೇಕು, ಆಮೇಲೆ ಬಲಕ್ಕೆ ಹೊರಳಿಸಿ ಮೇಲೆತ್ತಬೇಕು, ಮತ್ತೆ ಮೊದಲಿಂದ. ಎರಡು ಸೆಕೆಂಡ್ ತಡವಾದರೆ ಏಳೂ ಜನ ಹೋದರು. ಇಲ್ಲಿ ವಿಮಾನ ಹಾರಿಸುತ್ತಿರುವವನು ಯಾರು ಹೇಳಿ ನೋಡೋಣ!

1944ರ ಜೂನ್ 12ರ ರಾತ್ರಿ ಕೆನಡಾದ 419ನೇ ಸ್ಕ್ವಾಡ್ರನ್ನಿನ ಒಂದು ಲ್ಯಾಂಕಾಸ್ಟರ್ ಫ್ರಾನ್ಸಿನ ಕಾಂಬ್ರೇ ಕಡೆ ಹೊರಟಿತ್ತು. ನೈಟ್ ಫೈಟರಿನ ಹೊಡೆತಕ್ಕೆ ಎಡಗಡೆಯ ಎರಡೂ ಎಂಜಿನ್ ಹೋದವು. ಲ್ಯಾಂಕಾಸ್ಟರಿನ ಹಿಂದಿನ ಟರೆಟ್ ತಿರುಗುವುದು ಎಡಗಡೆಯ ಹೊರ ಎಂಜಿನ್ ನಡೆಸುವ ಹೈಡ್ರಾಲಿಕ್ ಪಂಪಿನಿಂದ. ಎಂಜಿನ್ ಸತ್ತರೆ ಟರೆಟ್ಟೂ ಸತ್ತಿತು. ಕೈಯಿಂದ ತಿರುಗಿಸಲು ಒಂದು ಹಿಡಿಕೆ ಇರುತ್ತದೆ, ಅವತ್ತು ಅದು ಮುರಿದು ಕೈಗೇ ಬಂತು. ಒಳಗೆ ಸಿಕ್ಕಿಬಿದ್ದವನು ಪ್ಯಾಟ್ ಬ್ರೋಫಿ. ನಡುಬೆನ್ನಿನ ಟರೆಟ್ಟಿನ ಗನ್ನರ್ ಆಂಡ್ರ್ಯೂ ಮೈನಾರ್ಸ್ಕಿ ಹಾರಲು ಬಾಗಿಲ ಹತ್ತಿರ ಬಂದವನು ಅದನ್ನು ನೋಡಿದ, ಉರಿಯುವ ಎಣ್ಣೆಯ ನಡುವೆ ತೆವಳಿಕೊಂಡು ಹೋದ. ಕೊಡಲಿಯಿಂದ ಬಡಿದ, ಬರಿಗೈಯಲ್ಲಿ ಎಳೆದ. ಸೊಂಟದ ಕೆಳಗೆ ಬಟ್ಟೆಗೆ ಬೆಂಕಿ. ಬ್ರೋಫಿಯೇ ಹೋಗು ಅಂತ ಕೈಬೀಸಿದ ಮೇಲೆ ಹಿಂದಕ್ಕೆ ತೆವಳಿ, ನಿಂತು ಸೆಲ್ಯೂಟ್ ಹೊಡೆದು ಹಾರಿದ. ಸುಟ್ಟ ಗಾಯಗಳಿಂದ ಸತ್ತ. ವಿಮಾನ ನೆಲಕ್ಕಪ್ಪಳಿಸಿದಾಗ ಬ್ರೋಫಿ ಹೊರಕ್ಕೆ ಎಸೆಯಲ್ಪಟ್ಟು ಬದುಕಿಬಿಟ್ಟ! ಅವನು ಬದುಕಿ ಬಂದು ಹೇಳಿದ್ದರಿಂದಲೇ 1946ರಲ್ಲಿ ಮೈನಾರ್ಸ್ಕಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಇಂಥದ್ದನ್ನು ಕಂಡವರೂ ಜೊತೆಗೇ ಸತ್ತುಹೋದ ವಿಮಾನಗಳೆಷ್ಟೋ.

ಫ್ಲೈಟ್ ಎಂಜಿನಿಯರ್ ಅಂದರೆ ಹೆಚ್ಚಿನವರಿಗೆ ಆ ಕೆಲಸವೇ ಗೊತ್ತಿಲ್ಲ. 1942ರಲ್ಲಿ ಎರಡನೇ ಪೈಲಟ್‌ನನ್ನು ತೆಗೆದು ಆ ಜಾಗಕ್ಕೆ ಇವನನ್ನು ತಂದರು. ಕೂರಲು ಮಡಚುವ ಸೀಟು. ಕೈಗೆ ನಾಲ್ಕು ಮರ್ಲಿನ್ ಎಂಜಿನ್ನು, ಆರು ಟ್ಯಾಂಕು. ಪ್ರತಿ ರೆಕ್ಕೆಯಲ್ಲಿ ಒಳಗಿನಿಂದ ಹೊರಕ್ಕೆ 580, 383, 114 ಗ್ಯಾಲನ್, ಎರಡೂ ಕಡೆ ಸೇರಿ 2,154. ಮೂರನೇ ಟ್ಯಾಂಕಿನ ಪೆಟ್ರೋಲ್ ನೇರ ಎಂಜಿನ್ನಿಗೆ ಹೋಗುವುದಿಲ್ಲ, ಮೊದಲು ಎರಡನೆಯದಕ್ಕೆ ಪಂಪ್ ಮಾಡಬೇಕು. ಮೈಲೇಜು ಗ್ಯಾಲನ್‌ಗೆ ಹೆಚ್ಚುಕಡಿಮೆ ಒಂದು ಮೈಲಿ. ಗುಂಡಿನ ಚೂರು ತಗುಲಿ ಒಂದು ಟ್ಯಾಂಕ್ ಸೋರತೊಡಗಿದರೆ ಇವನು ಮಾಡಬೇಕಾದ್ದು ಅದನ್ನು ಮುಚ್ಚುವುದಲ್ಲ. ಎರಡೂ ಕಡೆಯ ಪೆಟ್ರೋಲ್ ಕೊಳವೆಗಳನ್ನು ಜೋಡಿಸುವ ಅಡ್ಡ ಕಾಕ್ ತೆರೆದು ನಾಲ್ಕೂ ಎಂಜಿನ್ನುಗಳನ್ನು ಆ ತೂತು ಟ್ಯಾಂಕಿಗೇ ಹಚ್ಚಬೇಕು, ಸೋರಿಹೋಗುವ ಮೊದಲು ಸುಟ್ಟು ಮುಗಿಸಬೇಕು. ಎಂಜಿನ್ನಿಗೆ ಬೆಂಕಿ ಬಿದ್ದರೆ ಪೆಟ್ರೋಲ್ ಬಂದ್ ಮಾಡಿ, ಪ್ರೊಪೆಲರಿನ ಅಲಗುಗಳನ್ನು ಗಾಳಿಗೆ ನೇರ ತಿರುಗಿಸಿ ನಿಲ್ಲಿಸಿ, ಆಮೇಲೆ ಬೆಂಕಿ ನಂದಿಸುವ ಗುಂಡಿ. ಆ ಎಂಜಿನ್ ಎಡಗಡೆಯ ಹೊರಗಿನದ್ದಾಗಿದ್ದರೆ? ಆಗಲೇ ಹೇಳಿದೆನಲ್ಲ, ಹಿಂದಿನ ಗನ್ನರ್ ಆ ಕ್ಷಣದಿಂದ ಹಿಡಿಕೆ ಸುತ್ತಬೇಕು.

ಇದೇ ಕೆಲಸದ ನಾರ್ಮನ್ ಜಾಕ್ಸನ್ 1944ರ ಏಪ್ರಿಲ್‌ನಲ್ಲಿ, ಶ್ವೈನ್‌ಫರ್ಟ್ ದಾಳಿಯ ರಾತ್ರಿ, ಬೆಂಕಿ ನಂದಿಸುವ ಸಿಲಿಂಡರನ್ನು ಜಾಕೆಟ್ಟಿನೊಳಗೆ ತುರುಕಿಕೊಂಡು ಹಾರುತ್ತಿರುವ ಲ್ಯಾಂಕಾಸ್ಟರಿನ ರೆಕ್ಕೆಯ ಮೇಲಿಳಿದ. ಹೌದು, ರೆಕ್ಕೆಯ ಮೇಲೆ. ಸುಮಾರು 20,000 ಅಡಿ ಎತ್ತರದಲ್ಲಿ. ಹೊರಬರುವಾಗಲೇ ಪ್ಯಾರಾಶೂಟ್ ಬಿಚ್ಚಿಕೊಂಡಿತ್ತು, ಒಳಗಿನವರು ಅದರ ಹಗ್ಗ ಹಿಡಿದುಕೊಂಡಿದ್ದರು. ಸಿಲಿಂಡರ್ ಜಾರಿತು, ಮುಖ ಕೈ ಸುಟ್ಟವು, ಅರೆಸುಟ್ಟ ಪ್ಯಾರಾಶೂಟಿನಲ್ಲಿ ಬಿದ್ದು ಕಾಲು ಮುರಿದು ಕೈದಿಯಾದ. ಅವನೂ ಪೈಲಟ್ ಅಲ್ಲ.

"ಪೈಲಟ್ ತಾನೇ ಕ್ಯಾಪ್ಟನ್?" ಅನ್ನುವವರು ಬರುತ್ತಾರೆ, ಗೊತ್ತು. ಹೌದಪ್ಪ. ಅವನು ಬರೀ ಸಾರ್ಜೆಂಟ್ ಆಗಿದ್ದು, ದಾರಿಯ ಲೆಕ್ಕ ಹಾಕುವ ನ್ಯಾವಿಗೇಟರ್ ಆಫೀಸರ್ ಆಗಿದ್ದರೂ ವಿಮಾನದೊಳಗೆ ಪೈಲಟ್‌ನ ಮಾತೇ ಕೊನೆ. ಬೆಂಕಿ ಬಿದ್ದಾಗ ಉಳಿದವರು ಹಾರಲಿ ಅಂತ ಚುಕ್ಕಾಣಿ ಹಿಡಿದು ಕೂತು ಸತ್ತ ಪೈಲಟ್‌ಗಳು ಕಡಿಮೆಯೇನಲ್ಲ. ಆದರೆ ಯಾರು ಬದುಕುತ್ತಾರೆ ಅನ್ನುವುದನ್ನು ತೀರ್ಮಾನಿಸಿದ್ದು ಅವನ ಕೈಚಳಕವಲ್ಲ. ಬಾಂಬರ್ ಕಮಾಂಡಿನ ಲೆಕ್ಕಾಚಾರದ ವಿಭಾಗದಲ್ಲಿದ್ದ ಹುಡುಗ, ಮುಂದೆ ದೊಡ್ಡ ಭೌತವಿಜ್ಞಾನಿಯಾದ ಫ್ರೀಮನ್ ಡೈಸನ್, ಅಂಕಿಗಳನ್ನು ಜಾಲಾಡಿದಾಗ ಸಿಕ್ಕಿದ್ದು ಬೇರೆಯೇ. ಅನುಭವಿ ತಂಡಕ್ಕೂ ಹೊಸ ತಂಡಕ್ಕೂ ಸಾಯುವ ಸಾಧ್ಯತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಹೊಡೆತ ತಿಂದ ಹ್ಯಾಲಿಫ್ಯಾಕ್ಸಿನಿಂದ ಸುಮಾರು ನಾಲ್ವರಲ್ಲಿ ಒಬ್ಬ ಜೀವಸಹಿತ ಹೊರಬಿದ್ದರೆ, ಲ್ಯಾಂಕಾಸ್ಟರಿನಿಂದ ಏಳರಲ್ಲಿ ಒಬ್ಬ. ಕಾರಣ? ಮೂತಿಯಲ್ಲಿ, ಗುರಿ ನೋಡಿ ಬಾಂಬ್ ಬಿಡುವ ಬಾಂಬ್ ಏಮರ್ ಬೋರಲು ಮಲಗುವ ಮೆತ್ತೆಯ ಕೆಳಗಿದ್ದ ತಪ್ಪಿಸಿಕೊಳ್ಳುವ ಬಾಗಿಲು. ಹ್ಯಾಲಿಫ್ಯಾಕ್ಸಿನದು 24 ಇಂಚು ಅಗಲ, ಲ್ಯಾಂಕಾಸ್ಟರಿನದು 22. ದಪ್ಪ ಉಡುಪು, ಎದೆಯ ಮೇಲೆ ಪ್ಯಾರಾಶೂಟ್ ಮೂಟೆ ಹೊತ್ತವನಿಗೆ ಆ ಎರಡು ಇಂಚೇ ಜೀವ. ವೈರ್‌ಲೆಸ್ ಆಪರೇಟರ್ ಹಿಂದಿನ ಬಾಗಿಲಿಗೆ ಹೋಗೋಣ ಅಂದರೆ ಒಡಲಿಗೆ ಅಡ್ಡಲಾಗಿ ರೆಕ್ಕೆಯ ತೊಲೆ, ಕತ್ತಲಲ್ಲಿ ಅದನ್ನು ಹತ್ತಿ ದಾಟಬೇಕು. ಬಾಗಿಲು ಅಗಲ ಮಾಡಿ ಅಂತ ಒತ್ತಾಯ ಹೋಯಿತು. ಲ್ಯಾಂಕಾಸ್ಟರುಗಳು 7,377 ತಯಾರಾದವು. ಅಗಲದ ಬಾಗಿಲು ಯುದ್ಧ ಮುಗಿಯುವವರೆಗೂ ಸರಿಯಾಗಿ ಬರಲೇ ಇಲ್ಲ. ಈ ಸಂಗತಿ ಓದಿದಾಗಲೆಲ್ಲ ನನಗೆ ಜರ್ಮನ್ನರಿಗಿಂತ ಆ ಆಫೀಸಿನವರ ಮೇಲೆ ಹೆಚ್ಚು ಸಿಟ್ಟು ಬರುತ್ತದೆ.

ಇನ್ನೊಂದು ಬಗೆಯ ಕುರುಡುತನವೂ ಇತ್ತು. ಜರ್ಮನ್ನರು 1943ರಿಂದ ಮೇಲ್ಮುಖವಾಗಿ ಗುಂಡು ಹಾರಿಸುವ ಫಿರಂಗಿಗಳನ್ನು ನೈಟ್ ಫೈಟರುಗಳಿಗೆ ಕೂರಿಸಿ ಬಾಂಬರಿನ ಹೊಟ್ಟೆಯಡಿ ನುಸುಳಿ ರೆಕ್ಕೆಯ ಟ್ಯಾಂಕಿಗೆ ಹೊಡೆಯುತ್ತಿದ್ದರು. ಹೊಟ್ಟೆಯಡಿ ಟರೆಟ್ ಇರಬಹುದಿದ್ದ ಜಾಗದಲ್ಲಿ ಕೆಳಗಿನ ನೆಲವನ್ನು ತೋರಿಸುವ ಎಚ್2ಎಸ್ ರಾಡಾರಿನ ಗುಮ್ಮಟ, ನೋಡಲು ಒಂದು ಕಿಟಕಿಯೂ ಇಲ್ಲ. ಆಕಾಶದಲ್ಲಿ ಒಮ್ಮೆಲೇ ಸಿಡಿದ ವಿಮಾನಗಳನ್ನು ಕಂಡ ಹುಡುಗರು ಅದು ಜರ್ಮನ್ನರು ಹೆದರಿಸಲು ಹಾರಿಸುವ 'ಸ್ಕೇರ್‌ಕ್ರೋ' ಗುಂಡು ಅಂತ ನಂಬಿದ್ದರು. ಅಂಥ ಗುಂಡೇ ಇರಲಿಲ್ಲ. ಸಿಡಿದದ್ದೆಲ್ಲ ತಮ್ಮದೇ ಗೆಳೆಯರ ವಿಮಾನ.

ನ್ಯಾವಿಗೇಟರ್ ಬಗ್ಗೆ ಬರೆದರೆ ಇದು ಮುಗಿಯುವುದಿಲ್ಲ. ಪರದೆಯೊಳಗೆ ಕೂತು ಆರು ಆರು ನಿಮಿಷಕ್ಕೊಮ್ಮೆ ಸ್ಥಾನ ಗುರುತಿಸಬೇಕಿತ್ತು. ಆರು ನಿಮಿಷ ಯಾಕೆಂದರೆ ಗಂಟೆಯ ಹತ್ತನೇ ಒಂದು ಭಾಗ, ವೇಗದ ಲೆಕ್ಕ ಸುಲಭ. ಗಾಳಿಯ ಅಂದಾಜು ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1944ರ ಮಾರ್ಚ್ 30ರ ನ್ಯೂರೆಂಬರ್ಗ್ ರಾತ್ರಿ ಸಾಕು. ಬೆಳದಿಂಗಳು, ಉದ್ದನೆಯ ನೇರ ದಾರಿ, ಹವಾಮಾನದ ತಪ್ಪು ಮುನ್ಸೂಚನೆ. ಹೋದದ್ದು 795 ವಿಮಾನ, ಮರಳದೆ ಹೋದದ್ದು 95. ಬಾಂಬ್ ಏಮರ್ ಬಗ್ಗೆ ಒಂದೇ ಮಾತು: ಬಾಂಬ್ ಬಿಟ್ಟ ಕೂಡಲೇ ಓಡಿಹೋಗುವ ಹಾಗಿರಲಿಲ್ಲ, ಫೋಟೋ ಫ್ಲ್ಯಾಶ್ ಸಿಡಿದು ಕ್ಯಾಮೆರಾ ಕೆಲಸ ಮುಗಿಸುವವರೆಗೆ ಅರ್ಧ ನಿಮಿಷದಷ್ಟು ಹೊತ್ತು ಸರ್ಚ್‌ಲೈಟುಗಳ ನಡುವೆ ನೆಟ್ಟಗೆ ಹಾರಬೇಕಿತ್ತು.

ಡ್ರೆಸ್ಡೆನ್, ಹ್ಯಾಂಬರ್ಗ್ ಅಂತ ಬರುವವರಿಗೆ: ಊರುಗಳನ್ನೇ ಸುಟ್ಟ ಆ ನೀತಿಯನ್ನು ನಾನು ಸಮರ್ಥಿಸುತ್ತಿಲ್ಲ. ಡ್ರೆಸ್ಡೆನ್ ಒಂದರಲ್ಲೇ ಸುಮಾರು 25,000 ಜನ ಸತ್ತರು. ಆ ಆದೇಶ 1942ರ ಫೆಬ್ರವರಿಯಲ್ಲಿ ಮೇಜಿನ ಮೇಲೆ ಬರೆಸಿಕೊಂಡದ್ದು, ಟರೆಟ್ಟಿನೊಳಗಲ್ಲ. ಆ ಚರ್ಚೆ ಮಾಡುವುದಾದರೆ ಬರೆದವರ ಹೆಸರು ಹಿಡಿದು ಮಾಡಿ.

ಸ್ಪಿಟ್‌ಫೈರ್ ನನಗೂ ಇಷ್ಟವೇ. ಆ ರೆಕ್ಕೆಯ ಅಂಚು ನೋಡಿದರೆ ಈಗಲೂ ಕಣ್ಣು ಕೀಳಲಾಗುವುದಿಲ್ಲ. ಅದಕ್ಕೇ ಇಷ್ಟು ಉರಿಯುವುದೋ ಏನೋ.

ಬ್ರಿಟನ್ನಿನವರೇನೂ ಮೇಲಲ್ಲ. ಬಾಂಬರ್ ಕಮಾಂಡ್‌ಗೆಂದೇ ಒಂದು ಪದಕ ಕೊಡಲಿಲ್ಲ. ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕ ಎದ್ದದ್ದು 2012ರಲ್ಲಿ. 2013ರಲ್ಲಿ ಪದಕದ ಪಟ್ಟಿಗೆ ಸಿಕ್ಕಿಸುವ ಒಂದು ಲೋಹದ ಕಡ್ಡಿ ಕೊಟ್ಟರು, ಅದೂ ಹಾರಿದವರಿಗೆ ಮಾತ್ರ. ಬಯಲಿನಲ್ಲಿ ಮಂಜು ಬೀಳುವಾಗ ರೆಕ್ಕೆಯ ಮೇಲೆ ನಿಂತು 2,154 ಗ್ಯಾಲನ್ ತುಂಬಿದವರು, ಮಧ್ಯಾಹ್ನ ಗುರಿ ಬದಲಾಯಿತು ಅಂದಾಗ ಪೆಟ್ರೋಲ್ ಹೆಚ್ಚಿಸಿ, ಏರಿಸಿದ್ದ ಬಾಂಬುಗಳನ್ನೆಲ್ಲ ಇಳಿಸಿ ಬೇರೆ ಏರಿಸಿದವರು, ಪ್ಯಾರಾಶೂಟ್ ಮಡಚಿದ ಹೆಣ್ಣುಮಕ್ಕಳು, ಇವರಿಗೆ ಅದೂ ಇಲ್ಲ. ಏಳು ಜನರ ಲೆಕ್ಕವೇ ನಮ್ಮವರಿಗೆ ಸಿಗುತ್ತಿಲ್ಲ, ನೆಲದ ಮೇಲಿದ್ದವರನ್ನು ಯಾರು ಎಣಿಸುತ್ತಾರೆ? ಅವರ ಬಗ್ಗೆ ಬೇರೆಯೇ ಬರೆಯುತ್ತೇನೆ. ಅಷ್ಟರಲ್ಲಿ "ರಾತ್ರಿ ಬಸ್" ಮಹಾಶಯರು ತಮ್ಮ ಕಾಮೆಂಟ್ ಅಳಿಸದಿದ್ದರೆ ಒಳ್ಳೆಯದು, ನನಗೆ ಬೇಕಾಗುತ್ತದೆ.